ವೀನಸ್ ಬೆನ್ನಿನ ಗಾಯ

ಮೊನ್ನೆ ಶನಿವಾರ ರೆಡಿಂಗ್‌ನಿಂದ ರೈಲು ಹತ್ತಿ ಲಂಡನ್ನಿಗೆ ಹೋಗಿದ್ದೆ. ಟ್ರಫಾಲ್ಗರ್ ಚೌಕದಲ್ಲಿ ಯುದ್ಧ ವಿರೋಧಿ ಸಭೆಯಿತ್ತು. ಭಾಷಣ ಮುಗಿಯುವ ಮುಂಚೆಯೇ ಮೆಲ್ಲಗೆ ಜಾರಿ, ಚೌಕಕ್ಕೆ ಅಂಟಿಕೊಂಡೇ ಇರುವ ನ್ಯಾಷನಲ್ ಗ್ಯಾಲರಿ ಹೊಕ್ಕೆ (ಪುಕ್ಕಟೆ ಪ್ರವೇಶ ಬೇರೆ!). ಘೋಷಣೆಗಳಿಂದ ತಪ್ಪಿಸಿಕೊಂಡೆ ಅಂದುಕೊಂಡಿದ್ದೆ... ಎದುರಿಗೆ ಸಿಕ್ಕಿದ್ದು ವೆಲಾಸ್ಕೆಸ್ ಬಿಡಿಸಿದ 'ರೋಕ್‌ಬಿ ವೀನಸ್'.

1914ರ ಮಾರ್ಚ್ 10ರಂದು ಮೇರಿ ರಿಚರ್ಡ್‌ಸನ್ ಎಂಬಾಕೆ ಮಾಂಸ ಕಡಿಯುವ ಮಚ್ಚಿನಿಂದ ಈ ವೀನಸ್ ಬೆನ್ನಿಗೆ ಹೊಡೆದಿದ್ದಳು. ಹೆಂಗಸರಿಗೆ ಮತದಾನದ ಹಕ್ಕು ಕೇಳುತ್ತಿದ್ದ ಎಮಲೀನ್ ಪ್ಯಾಂಕ್‌ಹರ್ಸ್ಟ್ ಅವರನ್ನು ಹಿಂದಿನ ದಿನವಷ್ಟೇ ಗ್ಲಾಸ್ಗೋದಲ್ಲಿ ಬಂಧಿಸಿದ್ದರು. ಚಿತ್ರದೊಳಗಿನ ಹೆಣ್ಣಿಗೆ ಮರುಗುವವರು ಜೈಲಿನ ಹೆಣ್ಣಿಗೆ ಯಾಕೆ ಮರುಗಲ್ಲ ಅನ್ನೋದು ಮೇರಿಯ ಸಿಟ್ಟು. ಆರು ತಿಂಗಳು ಸಜೆಯಾಯಿತು. 30 ದಾಟಿದ ಕೆಲವು ಹೆಂಗಸರಿಗೆ ವೋಟು ಸಿಕ್ಕಿದ್ದು 1918ರಲ್ಲಿ, ಗಂಡಸರಿಗೆ ಸಮನಾಗಿ ಸಿಕ್ಕಿದ್ದು 1928ರಲ್ಲಿ.

ಇದನ್ನೆಲ್ಲ ಮೊದಲ ಸಲ ಓದಿದಾಗ ನಾನು ಪೂರ್ತಿ ಮೇರಿಯ ಪಕ್ಷ. ಆಮೇಲೆ ಗೊತ್ತಾಯಿತು, 1930ರ ದಶಕದಲ್ಲಿ ಇದೇ ಮೇರಿ ಮೋಸ್ಲಿಯ ಫ್ಯಾಸಿಸ್ಟ್ ಪಕ್ಷ ಸೇರಿದ್ದಳಂತೆ. ಬೆಪ್ಪಾದೆ. 2023ರ ನವೆಂಬರಿನಲ್ಲಿ ತೈಲ ವಿರೋಧಿ ಚಳವಳಿಯ ಇಬ್ಬರು ಈ ಚಿತ್ರದ ಮೇಲಿನ ಗಾಜನ್ನು ಸುತ್ತಿಗೆಯಿಂದ ಒಡೆದಾಗ ಯಾರ ಪಕ್ಷ ವಹಿಸಬೇಕೋ ತಿಳಿಯಲೇ ಇಲ್ಲ.

ಹಳೇ ಗಾಯದ ಗುರುತು ಕಾಣುತ್ತಾ ಅಂತ ಬಗ್ಗಿ ಬಗ್ಗಿ ನೋಡಿದೆ. ಊಹೂಂ, ಅಷ್ಟು ಚೆನ್ನಾಗಿ ಸರಿಮಾಡಿದ್ದಾರೆ. ಕಾವಲಿನವನು ಬಂದು ಸ್ವಲ್ಪ ಹಿಂದೆ ನಿಲ್ಲಿ ಅಂದ. ಸಭೆಯಲ್ಲಿ ಕೊಟ್ಟ ಕರಪತ್ರ ಇನ್ನೂ ನನ್ನ ಕೈಯಲ್ಲೇ ಇತ್ತು...