ಸೊಳ್ಳೆಗಳ ಲೆಕ್ಕ

1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ ರೊನಾಲ್ಡ್ ರಾಸ್‌ಗೆ ಸೊಳ್ಳೆಕಾಟ. ಬೇರೆಯವರ ಕೋಣೆಗಿಂತ ತನ್ನ ಕೋಣೆಯಲ್ಲೇ ಅವು ಹೆಚ್ಚು. ಹುಡುಕಿದರೆ ಕಿಟಕಿಯ ಹೊರಗೊಂದು ನೀರಿನ ಪೀಪಾಯಿ, ತುಂಬ ಸೊಳ್ಳೆಮರಿ. ಕವುಚಿ ಹಾಕಿದ, ಕಾಟ ನಿಂತಿತು. ಮಿಕ್ಕವನ್ನೂ ಹೀಗೇ ಮಾಡೋಣವೆಂದರೆ ದಂಡಿನ ಅಧಿಕಾರಿ ಒಪ್ಪಲಿಲ್ಲವಂತೆ. ಸೊಳ್ಳೆಯನ್ನೂ ಯಾವುದೋ ಕಾರಣಕ್ಕೇ ಸೃಷ್ಟಿಸಿರುವಾಗ ಸಹಿಸಿಕೊಳ್ಳಬೇಕಂತೆ! ಬಚ್ಚಲ ಹಿಂದಿನ ಬಾನಿ ತಿಕ್ಕುವ ಯಾವ ಹೆಂಗಸೂ ಈ ವೇದಾಂತ ಒಪ್ಪಲಾರಳು.

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ರಾಸ್ ಕಂಡದ್ದು, 1902ರಲ್ಲಿ ನೊಬೆಲ್ ಬಹುಮಾನ ಬಂದದ್ದು ನಮಗೆ ಗೊತ್ತು. ನನಗೆ ಹೆಚ್ಚು ಹಿಡಿಸಿದ್ದು ಅದರ ಮುಂದಿನ ಕತೆ.

ಸೊಳ್ಳೆಯೇ ಅಪರಾಧಿ ಎಂದು ತಿಳಿದ ಮೇಲೂ ದೊಡ್ಡವರು ಕೈಚೆಲ್ಲಿದರು. ಇರುವ ಸೊಳ್ಳೆಯನ್ನೆಲ್ಲ ಕೊಲ್ಲಲಾದೀತೇ? ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡಿನಲ್ಲಿ ಮಾಡಿದ ಪ್ರಯತ್ನವೂ ಸೋತಿತ್ತು. ಎಲ್ಲವನ್ನೂ ಕೊಲ್ಲಬೇಕಾಗಿಯೇ ಇಲ್ಲ ಎಂದು ರಾಸ್ ಲೆಕ್ಕ ಹಾಕಿ ತೋರಿಸಿದ. ಮಾರಿಷಸ್ ಕುರಿತ 1908ರ ವರದಿಯಲ್ಲೂ 1911ರ ಪುಸ್ತಕದಲ್ಲೂ ಆ ವಾದವಿದೆ.

ಬೇಕಾದರೆ ಹುಣಸೆಬೀಜ ಹರಡಿಕೊಂಡು ನೋಡಿ. ಅಂಕಿಗಳು ಉದಾಹರಣೆಗೆ, ಜಾಡು ರಾಸ್‌ನದು. ಒಬ್ಬ ರೋಗಿಯ ಸುತ್ತ 48 ಸೊಳ್ಳೆ ಇವೆಯೆನ್ನಿ. ನಾಲ್ಕರಲ್ಲೊಂದಕ್ಕೆ ಅವನನ್ನು ಕಚ್ಚಲು ಸಿಕ್ಕಿತು, 12 ಉಳಿದವು. ರೋಗದ ಜೀವಿ ಸೊಳ್ಳೆಯೊಳಗೆ ಬಲಿಯಲು ಹತ್ತು ದಿನವಾದರೂ ಬೇಕು, ಅಷ್ಟು ದಿನ ಬದುಕುವುದು ಮೂರರಲ್ಲೊಂದು, 4 ಉಳಿದವು. ಅವುಗಳಲ್ಲೂ ನಾಲ್ಕರಲ್ಲೊಂದಕ್ಕೆ ಮಾತ್ರ ಇನ್ನೊಬ್ಬರು ಸಿಕ್ಕರೆ, ಕೊನೆಗೆ ಒಂದು. ಒಬ್ಬ ರೋಗಿಗೆ ಬದಲಾಗಿ ಒಬ್ಬ ಹೊಸ ರೋಗಿ. ಕಾಯಿಲೆ ಇದ್ದಷ್ಟೇ ಇರುತ್ತದೆ. ಈಗ ಅರ್ಧ ಬೀಜ ತೆಗೆಯಿರಿ. ಇಬ್ಬರು ರೋಗಿಗಳಿಗೆ ಒಬ್ಬ, ನಾಲ್ವರಿಗೆ ಇಬ್ಬರು! 24 ಸೊಳ್ಳೆ ಗುಂಯ್‌ಗುಡುತ್ತಿದ್ದರೂ ಕಾಯಿಲೆ ತಾನಾಗಿ ಸವೆದುಹೋಗುತ್ತದೆ. 96 ಇಟ್ಟು ನೋಡಿ, ಊರಿಗೆ ಊರೇ ಮಲಗುತ್ತದೆ.

ಆದರೆ ಗುಣವಾಗುವವರು, ಹುಟ್ಟುವವರು, ಸಾಯುವವರು ಎಲ್ಲರನ್ನೂ ಸೇರಿಸಿದರೆ ಬೀಜದಾಟ ಸಾಲದು. ಅಲ್ಲಿ ರಾಸ್‌ಗೆ ಜೊತೆಯಾದವಳು ಹಿಲ್ಡಾ ಹಡ್ಸನ್. 1881ರಲ್ಲಿ ಕೇಂಬ್ರಿಜ್‌ನಲ್ಲಿ ಹುಟ್ಟಿದ ಈಕೆಯ ತಾಯಿಯೂ ಗಣಿತ ಓದಿದವಳು. ಹಿಲ್ಡಾ 1903ರಲ್ಲಿ ಅಲ್ಲಿನ ಗಣಿತ ಪರೀಕ್ಷೆಯಲ್ಲಿ ಏಳನೆಯ ಸ್ಥಾನಕ್ಕೆ ಸರಿಸಮ ಬಂದಳು. ಪರೀಕ್ಷೆ ಬರೆಯಬಹುದಿತ್ತು, ಪದವಿ ಮಾತ್ರ ಇಲ್ಲ. ಹೆಂಗಸರಿಗೆ ಕೇಂಬ್ರಿಜ್ ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ. ರೋಗ ಹಬ್ಬುವ ಗಣಿತವನ್ನು ಕುರಿತು 1917ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಎರಡು ಲೇಖನಗಳ ಮೇಲೆ ಇಬ್ಬರ ಹೆಸರೂ ಇದೆ.

ಇದೇ ದಾರಿ ಹಿಡಿದು 1927ರಲ್ಲಿ ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಮುಂಬಯಿಯ ಪ್ಲೇಗಿನ ಸಾವುಗಳನ್ನು ಸಮೀಕರಣಕ್ಕೆ ಹೊಂದಿಸಿದರು. 2020ರ ಕೊರೊನಾ ಕಾಲದಲ್ಲಿ, ಒಬ್ಬರಿಂದ ಎಷ್ಟು ಜನಕ್ಕೆ ಎಂದು ಟೀವಿಯಲ್ಲಿ ಹೇಳುತ್ತಿದ್ದ ಸಂಖ್ಯೆಯೂ ಇದೇ ವಂಶದ್ದು. ಹಿಲ್ಡಾ ಅಷ್ಟರಲ್ಲಿ ಯುದ್ಧದ ವಿಮಾನಗಳ ಬಲ ಎಣಿಸುವ ಕೆಲಸಕ್ಕೆ ಹೋಗಿದ್ದಳು. ಆಮೇಲೆ ತನ್ನ ಮೆಚ್ಚಿನ ರೇಖಾಗಣಿತಕ್ಕೆ ಮರಳಿ, 1927ರಲ್ಲೇ ಅದರ ಮೇಲೊಂದು ದಪ್ಪ ಪುಸ್ತಕ ಪ್ರಕಟಿಸಿದಳು.