ಪದ ಪರಿಚಯ: ಟೆಕ್ಸಾಸ್ ರಿಗ್

ಇಂಗ್ಲಿಷಿನಲ್ಲಿ ‘ರಿಗ್’ ಮೊದಲು ಹಡಗಿನವರ ಮಾತು. ಹಾಯಿ, ಹಗ್ಗಗಳನ್ನು ಕಟ್ಟಿ ಅಣಿಗೊಳಿಸುವುದು ಎಂದರ್ಥ. ಗಾಳ ಹಾಕುವವರು ಅದನ್ನು ದಾರ, ಕೊಕ್ಕೆ, ಸೀಸದ ಗುಂಡು, ಎರೆಗಳ ಜೋಡಣೆಗೆ ಬಳಸಿಕೊಂಡರು.

‘ಟೆಕ್ಸಾಸ್’ ಸೇರಿದ್ದು ಅಮೆರಿಕದ ಆ ರಾಜ್ಯದಿಂದ. 1949ರಲ್ಲಿ ಒಹಾಯೊದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಗಾಳದ ಎರೆಯಾಗಿ ಮೆತ್ತನೆಯ ಪ್ಲಾಸ್ಟಿಕ್ ಹುಳು ತಯಾರಿಸಿದರು. ಅವರ ಕಂಪನಿ ಮುಂದೆ ಟೆಕ್ಸಾಸ್‌ನ ಟೈಲರ್‌ಗೆ ಬಂತು. ಅಲ್ಲಿನ ಜಲಾಶಯಗಳಲ್ಲಿ ಬಾಸ್ ಮೀನು ಅಡಗುವುದು ಮುಳುಗಿದ ಮರ, ಜೊಂಡುಗಳ ನಡುವೆ. ತೆರೆದ ಕೊಕ್ಕೆ ಹಾಕಿದರೆ ಸಿಗುವುದು ಬರೀ ಕಳೆ!

ಅದಕ್ಕೇ ಕೊಕ್ಕೆಯನ್ನು ಹುಳುವಿನ ತಲೆಗೆ ಚುಚ್ಚಿ, ಹೊರಗೆಳೆದು, ತಿರುಗಿಸಿ, ಮೊನೆಯನ್ನು ಮತ್ತೆ ಅದರ ಮೈಯೊಳಗೇ ಹುದುಗಿಸುವ ಉಪಾಯ; ಇದೇ ಟೆಕ್ಸಾಸ್ ರಿಗ್. ಮೀನು ಕಚ್ಚಿದಾಗ ಕೋಲು ಜಗ್ಗಿದರೆ ಮೊನೆ ಪ್ಲಾಸ್ಟಿಕ್ ಸೀಳಿ ಅದರ ಬಾಯಿಗೆ ನಾಟುತ್ತದೆ.

ಪದವೀಗ ಕ್ರಿಯಾಪದವೂ ಹೌದು: ಹುಳುವನ್ನು ‘ಟೆಕ್ಸಾಸ್ ರಿಗ್’ ಮಾಡುತ್ತಾರೆ. ಸೀಸದ ಗುಂಡು ಕೊಕ್ಕೆಯ ಪಕ್ಕದಲ್ಲಿರದೆ ದೂರದಲ್ಲಿದ್ದರೆ ಆ ಜೋಡಣೆಯ ಹೆಸರು ಕೆರೊಲಿನಾ ರಿಗ್.