ಸಸ್ಯಜನ್ಯ ಇಂಧನಗಳು: ಇತಿಹಾಸ ಮತ್ತು ಸಾಧಕ-ಬಾಧಕ

ಸಸ್ಯಜನ್ಯ ಇಂಧನವೆಂದರೆ ಗಿಡಮರಗಳ ಸಕ್ಕರೆ, ಪಿಷ್ಟ, ಎಣ್ಣೆ ಅಥವಾ ನಾರಿನಿಂದ ತಯಾರಾಗುವ ಇಂಧನ. ಸೌದೆಯೂ ಇದೇ ಜಾತಿಗೆ ಸೇರಿದ್ದು. ಆದರೆ ಇಂದು ಈ ಹೆಸರು ಮುಖ್ಯವಾಗಿ ಎರಡು ದ್ರವಗಳಿಗೆ ಸಲ್ಲುತ್ತದೆ: ಕಬ್ಬು, ಮುಸುಕಿನ ಜೋಳದಂಥ ಬೆಳೆಗಳನ್ನು ಹುದುಗಿಸಿ ಬಟ್ಟಿ ಇಳಿಸಿದ ಎಥನಾಲ್ ಮತ್ತು ಎಣ್ಣೆಬೀಜಗಳಿಂದ ಬರುವ ಬಯೋಡೀಸೆಲ್.

ಸೀಮೆಎಣ್ಣೆ ಬರುವ ಮೊದಲು ಹಳ್ಳಿಗಳ ದೀಪಗಳು ಉರಿಯುತ್ತಿದ್ದುದು ಹೊಂಗೆ, ಹರಳು, ಹಿಪ್ಪೆಯ ಎಣ್ಣೆಗಳಿಂದ. ಯಂತ್ರಯುಗದ ಆರಂಭದಲ್ಲಿಯೂ ಸಸ್ಯಮೂಲಕ್ಕೆ ಸ್ಥಾನವಿತ್ತು. ಜರ್ಮನಿಯ ನಿಕೊಲಾಸ್ ಆಟೊ 1860ರ ಸುಮಾರಿಗೆ ತನ್ನ ಎಂಜಿನ್ ಪ್ರಯೋಗಗಳಿಗೆ ಮದ್ಯಸಾರವನ್ನು ಬಳಸಿದ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತು. ಹಸಿ ಎಣ್ಣೆಯಲ್ಲಿ ಒಂದು ತೊಡಕಿತ್ತು: ಅದು ಮಂದವಾಗಿದ್ದು ಎಂಜಿನ್ನಿನ ಸೂಕ್ಷ್ಮ ರಂಧ್ರಗಳಲ್ಲಿ ಕಟ್ಟಿಕೊಳ್ಳುತ್ತದೆ. ಬೆಲ್ಜಿಯಂನ ಶಾವಾನ್ 1937ರಲ್ಲಿ ಪೇಟೆಂಟ್ ಪಡೆದ ವಿಧಾನ ಇದಕ್ಕೆ ಪರಿಹಾರ ತೋರಿಸಿತು. ಇಂದಿನ ಬಯೋಡೀಸೆಲ್ ತಯಾರಿಕೆಯ ತತ್ತ್ವವೂ ಅದೇ. ಎಣ್ಣೆಗೆ ಮದ್ಯಸಾರ ಮತ್ತು ಕ್ಷಾರ ಬೆರೆಸಿ ಕಾಯಿಸಿದರೆ ಗ್ಲಿಸರಿನ್ ತಳಕ್ಕಿಳಿದು, ತೆಳುವಾದ ಇಂಧನ ಮೇಲುಳಿಯುತ್ತದೆ. ಆದರೆ ಆ ಹೊತ್ತಿಗೆ ಪೆಟ್ರೋಲಿಯಂ ಅಗ್ಗವಾಗಿತ್ತು, ಹೊಸ ದಾರಿಯಲ್ಲಿ ಮುಂದುವರಿಯುವ ಅಗತ್ಯ ಯಾರಿಗೂ ಕಾಣಲಿಲ್ಲ.

1973ರ ತೈಲ ಬಿಕ್ಕಟ್ಟು ಲೆಕ್ಕಾಚಾರವನ್ನು ಬದಲಿಸಿತು. ಬ್ರೆಜಿಲ್ 1975ರಲ್ಲಿ ಕಬ್ಬಿನ ಎಥನಾಲ್‌ಗಾಗಿ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. 1979ಕ್ಕೆ ಬರೀ ಎಥನಾಲಿನಲ್ಲಿ ಓಡುವ ಕಾರುಗಳು ಮಾರಾಟಕ್ಕೆ ಬಂದವು. 1980ರ ದಶಕದ ಕೊನೆಗೆ ಸಕ್ಕರೆಯ ರಫ್ತು ಲಾಭದಾಯಕವಾದಾಗ ಕಾರ್ಖಾನೆಗಳು ಅತ್ತ ವಾಲಿದವು, ಎಥನಾಲಿಗೆ ಅಭಾವ ತಲೆದೋರಿ ಜನರ ನಂಬಿಕೆ ಕುಸಿಯಿತು. 2003ರಲ್ಲಿ ಪೆಟ್ರೋಲ್, ಎಥನಾಲ್ ಎರಡನ್ನೂ ಯಾವ ಪ್ರಮಾಣದಲ್ಲಾದರೂ ಸ್ವೀಕರಿಸುವ ಕಾರುಗಳು ಬಂದ ಮೇಲೆಯೇ ಆ ನಂಬಿಕೆ ಮರಳಿತು. ಬ್ರೆಜಿಲ್‌ನ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯನ್ನೇ ಉರಿಸಿ ಬಟ್ಟಿ ಇಳಿಸುತ್ತವೆ, ಆದ್ದರಿಂದ ಅಲ್ಲಿ ಇಂಗಾಲದ ಉಳಿತಾಯ ನಿಜವಾದದ್ದು. ಅಮೆರಿಕದಲ್ಲಿ ಮುಸುಕಿನ ಜೋಳಕ್ಕೆ ರಸಗೊಬ್ಬರ ಸುರಿದು, ನೈಸರ್ಗಿಕ ಅನಿಲದ ಶಾಖದಲ್ಲಿ ಎಥನಾಲ್ ತೆಗೆಯುವುದರಿಂದ ಅಲ್ಲಿ ಆ ಉಳಿತಾಯ ಕಡಿಮೆ.

ಗಿಡ ಬೆಳೆಯುವಾಗ ಹೀರಿದ ಇಂಗಾಲವೇ ಇಂಧನ ಉರಿದಾಗ ಮರಳುತ್ತದೆ ಎಂಬುದು ಈ ಇಂಧನಗಳ ಪರವಾದ ಮುಖ್ಯ ವಾದ. ಬೆಳೆಯುವ ನೆಲ ಯಾವುದು ಎಂದು ಕೇಳದೆ ಈ ವಾದವನ್ನು ಒಪ್ಪಲಾಗದು. ಇಂಡೊನೇಷ್ಯಾ, ಮಲೇಷ್ಯಾಗಳಲ್ಲಿ ತಾಳೆಗಾಗಿ ಜೌಗುಕಾಡುಗಳನ್ನು ಬರಿದುಮಾಡಿದಾಗ ಶತಮಾನಗಳಿಂದ ಮಣ್ಣಿನಲ್ಲಿ ಅಡಗಿದ್ದ ಇಂಗಾಲ ಗಾಳಿ ಸೇರಿತು. ಆ ಇಂಗಾಲದ ಋಣ ತೀರಿಸಲು ಆ ತೋಟಗಳ ಎಣ್ಣೆಗೆ ಹಲವು ತಲೆಮಾರುಗಳೇ ಬೇಕು. 2007–08ರಲ್ಲಿ ಜಗತ್ತಿನಾದ್ಯಂತ ಆಹಾರದ ಬೆಲೆ ಏರಿದಾಗ, ಇಂಧನಕ್ಕೆ ಹೋದ ಧಾನ್ಯವೂ ಕಾರಣಗಳಲ್ಲಿ ಒಂದೆಂಬ ಟೀಕೆ ಬಲವಾಗಿ ಕೇಳಿಬಂತು.

ಭಾರತದಲ್ಲಿ ಪೆಟ್ರೋಲಿಗೆ ಮದ್ಯಸಾರ ಬೆರೆಸುವ ಕಾಯ್ದೆ 1948ರಲ್ಲಿಯೇ ಬಂದಿತ್ತು. ವ್ಯವಸ್ಥಿತ ಮಿಶ್ರಣ ಆರಂಭವಾದದ್ದು 2003ರಲ್ಲಿ, ಕೆಲವು ರಾಜ್ಯಗಳಲ್ಲಿ ಶೇ 5ರಂತೆ. 2018ರ ರಾಷ್ಟ್ರೀಯ ನೀತಿಯ ಬಳಿಕ ವೇಗ ಹೆಚ್ಚಿ, 2025ರಲ್ಲಿ ಶೇ 20ರ ಗುರಿ ಮುಟ್ಟಿತು. ಆಮದು ತೈಲದ ವೆಚ್ಚ ತಗ್ಗುವುದು, ಸಕ್ಕರೆ ಕಾರ್ಖಾನೆಗಳಿಗೆ ಕಾಕಂಬಿಯಿಂದ ಖಚಿತ ಆದಾಯ ಸಿಗುವುದು ಇದರ ಲಾಭಗಳು. ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ, ಹಾಗಾಗಿ ಹಳೆಯ ವಾಹನಗಳ ಮೈಲೇಜ್ ಇಳಿಯುತ್ತದೆ. ಅದು ನೀರನ್ನು ಹೀರುವುದರಿಂದ ಸಂಗ್ರಹಣೆಗೂ ಎಚ್ಚರ ಬೇಕು. ಇವೆರಡಕ್ಕಿಂತ ಗಂಭೀರವಾದದ್ದು ನೀರಿನ ಪ್ರಶ್ನೆ. ನೀತಿ ಆಯೋಗದ 2021ರ ವರದಿಯ ಪ್ರಕಾರ ಕಬ್ಬಿನಿಂದ ಒಂದು ಲೀಟರ್ ಎಥನಾಲ್ ತೆಗೆಯಲು ಸುಮಾರು 2,860 ಲೀಟರ್ ನೀರು ಬೇಕು. ಮಳೆ ಕೈಕೊಟ್ಟ 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರವೇ ಕಬ್ಬಿನ ಹಾಲನ್ನು ಎಥನಾಲಿಗೆ ಬಳಸುವುದಕ್ಕೆ ಕಡಿವಾಣ ಹಾಕಬೇಕಾಯಿತು.

ಎಥನಾಲಿನ ಜೊತೆಗೆ ಆಹಾರವಲ್ಲದ ಎಣ್ಣೆಬೀಜಗಳ ಕಡೆಗೂ ಗಮನ ಹರಿದಿತ್ತು. 2003ರ ಸುಮಾರಿಗೆ ದೇಶದಲ್ಲಿ ಜಟ್ರೋಫಾ ಎಂಬ ಎಣ್ಣೆಬೀಜದ ಗಿಡದ ಬಗ್ಗೆ ಅಪಾರ ಭರವಸೆ ಹುಟ್ಟಿತು. ಬಂಜರಿನಲ್ಲಿ ಗಿಡ ಬದುಕಿತು, ಆದರೆ ನೀರು-ಗೊಬ್ಬರವಿಲ್ಲದೆ ಕಾಯಿ ಕಟ್ಟಲಿಲ್ಲ. ಕಾಯಿಗಳು ಒಟ್ಟಿಗೆ ಮಾಗದ್ದರಿಂದ ಕೊಯ್ಲಿನ ಕೂಲಿಯೂ ಏರಿತು. ಒಳ್ಳೆಯ ತಳಿ ಆರಿಸುವ ಮೊದಲೇ ರೈತರ ಹೊಲಕ್ಕೆ ಇಳಿಸಿದ್ದು ದೊಡ್ಡ ತಪ್ಪು. ಕರ್ನಾಟಕ ಹೆಚ್ಚು ನೆಚ್ಚಿಕೊಂಡದ್ದು ಹೊಂಗೆಯನ್ನು. ಇದು ಬದುಗಳಲ್ಲಿ ತಾನಾಗಿ ಬೆಳೆಯುವ, ದನ ಮೇಯದ, ಬೇರಿನಲ್ಲಿ ಸಾರಜನಕ ಹಿಡಿದಿಡುವ ಮರ. ಸೊಪ್ಪು ಗದ್ದೆಗೆ, ಹಿಂಡಿ ಗೊಬ್ಬರಕ್ಕೆ. 1990ರ ದಶಕದ ಕೊನೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರ ಪ್ರಯತ್ನದಿಂದ ಕಗ್ಗನಹಳ್ಳಿ ಎಂಬ ಊರಿನಲ್ಲಿ ಹೊಂಗೆ ಎಣ್ಣೆಯ ಜನರೇಟರ್‌ಗಳು ಕೊಳವೆಬಾವಿಯ ನೀರೆತ್ತಿದವು. ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಜೈವಿಕ ಇಂಧನ ಉದ್ಯಾನ ಸ್ಥಾಪಿಸಿತು. ರಾಜ್ಯದ ನೀತಿ 2009ರಲ್ಲಿ ಬಂತು. ಹೊಂಗೆಯ ದೌರ್ಬಲ್ಯ ಅದರ ನಿಧಾನ: ನೆಟ್ಟು ನಾಲ್ಕೈದು ವರ್ಷವಾದರೂ ಕಾಯದೆ ಫಲವಿಲ್ಲ, ಬೀಜ ಆಯ್ದು ಒಟ್ಟುಮಾಡಲು ಕೈಗಳು ಬೇಕು. ಊರಿನ ಗಾಣಕ್ಕೆ, ಪಂಪ್‌ಸೆಟ್ಟಿಗೆ ಅದು ಸಾಲುತ್ತದೆ, ಹೆದ್ದಾರಿಯ ಲಾರಿಗಳಿಗೆ ಸಾಲದು.

ಈಚಿನ ಪ್ರಯತ್ನಗಳು ಬೆಳೆಯ ತ್ಯಾಜ್ಯದತ್ತ ತಿರುಗಿವೆ. 2022ರಲ್ಲಿ ಹರಿಯಾಣದ ಪಾಣಿಪತ್‌ನಲ್ಲಿ ಭತ್ತದ ಹುಲ್ಲಿನಿಂದ ಎಥನಾಲ್ ತೆಗೆಯುವ ಘಟಕ ಉದ್ಘಾಟನೆಯಾಯಿತು. ಹೊಲದಲ್ಲೇ ಸುಟ್ಟು ಹೊಗೆಯಾಗುವ ಹುಲ್ಲಿಗೆ ಇದರಿಂದ ಬೆಲೆ ಬರುತ್ತದೆ, ಹೊಸ ನೆಲವೂ ಬೇಕಿಲ್ಲ. ನಾರನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳ ದುಬಾರಿ ಬೆಲೆ ಮತ್ತು ಚದುರಿದ ಹೊಲಗಳಿಂದ ಹುಲ್ಲು ತಂದು ದಾಸ್ತಾನು ಮಾಡುವ ಖರ್ಚು ಈ ವಿಧಾನದ ಮುಂದಿರುವ ಮುಖ್ಯ ಅಡಚಣೆಗಳು.